ಗಾಳಿ ಬೀಸುವ ಹೊತ್ತಿಗೆ ದೋಣಿ ಇಳಿಯುವುದಿಲ್ಲ: ಕಡಲಿನ ಪವನ ವಿದ್ಯುತ್ತಿನ ಲೆಕ್ಕ

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ಮೂವತ್ತು ವರ್ಷದಿಂದ ಹೋಟೆಲ್ ನಡೆಸುತ್ತಿದ್ದೇನೆ. ಊರು ಮಲ್ಪೆ ಹತ್ತಿರ. ಹೋದ ತಿಂಗಳು ಗದಗಕ್ಕೆ ಮದುವೆಗೆ ಹೋದಾಗ ಕಪ್ಪತಗುಡ್ಡದ ಕಡೆಯ ಗಾಳಿ ಫ್ಯಾನುಗಳ ಸಾಲು ನೋಡಿದೆ. ಮುಂಬಯಿಗೆ ಕಡಲು ಮನೆ ಬಾಗಿಲಲ್ಲೇ ಇದೆ, ಗಾಳಿಗೆ ಬರವಿಲ್ಲ, ಹೊಲ ಕೊಳ್ಳುವ ತಾಪತ್ರಯವೂ ಇಲ್ಲ. ಆದರೂ ಇಲ್ಲಿ ಒಂದೂ ಯಾಕಿಲ್ಲ? ದುಬಾರಿ ಅಂತಾರೆ. ಗಾಳಿ ಪುಕ್ಕಟೆ ಇರುವಾಗ ದುಡ್ಡು ಹೋಗುವುದು ಎಲ್ಲಿಗೆ? ನನ್ನ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾನೆ. ಅವನಿಗೆ ಈ ಕೆಲಸದಲ್ಲಿ ಮುಂದೆ ದಾರಿ ಇದೆಯೇ?

ಉತ್ತರ: ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಮಲ್ಪೆಯಲ್ಲೇ ಇದೆ. ಜೂನ್ 1 ಬಂತೆಂದರೆ ಅಲ್ಲಿ ಬೋಟುಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ ಅನ್ನುವುದು ಒಂದು ಕಾರಣ. ಆ ಕಡಲಿಗೆ ಇಳಿಯುವುದೇ ಕಷ್ಟ ಅನ್ನುವುದು ಇನ್ನೊಂದು. ಮುಂಬಯಿಯಲ್ಲೂ ಅಷ್ಟೇ. ಗೇಟ್‌ವೇಯಿಂದ ಮಾಂಡವಾಕ್ಕೆ ಹೋಗುವ ಲಾಂಚುಗಳು ಮಳೆಗಾಲಕ್ಕೆ ನಿಲ್ಲುತ್ತವೆ. ಇಲ್ಲಿನ ಕೋಲಿ ಮೀನುಗಾರರು ನಾರಳಿ ಪೂರ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟು, ಆಮೇಲೆ ಹೊಸ ಸೀಸನ್ ಶುರು ಮಾಡುವ ಪದ್ಧತಿ.

ಈಗ ನೋಡಿ, ನಮ್ಮ ಪಶ್ಚಿಮ ಕಡಲಲ್ಲಿ ಗಾಳಿ ಜೋರಾಗಿ ಬೀಸುವುದೂ ಅದೇ ತಿಂಗಳುಗಳಲ್ಲಿ. ವರ್ಷದ ದುಡಿಮೆಯ ದೊಡ್ಡ ಪಾಲು ಮೇ ಕೊನೆಯಿಂದ ಸೆಪ್ಟೆಂಬರ್ ಒಳಗೆ ಬಂದುಬಿಡಬೇಕು. ಯಂತ್ರ ಅತಿ ಜಾಸ್ತಿ ದುಡಿಯುವ ಹೊತ್ತಿಗೇ ಅದರ ಹತ್ತಿರ ಹೋಗಲು ದೋಣಿ ಇಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಮೊದಲು ಗದಗ, ಆಮೇಲೆ ಸಾತಾರದ ಚಾಳ್ಕೇವಾಡಿ, ನಡುವೆ ನಾಲ್ಕು ವರ್ಷ ಇಂಗ್ಲೆಂಡಿನ ಗ್ರಿಮ್ಸ್‌ಬಿ ಬಂದರಿನಿಂದ ಉತ್ತರ ಸಮುದ್ರ. ಈಗ ಪುಣೆಯಲ್ಲಿ ಕೂತು ದೂರದ ಯಂತ್ರಗಳ ನಾಡಿ ನೋಡುವ ಕೆಲಸ. ಕಡಲಿನ ಪವನ ವಿದ್ಯುತ್ತಿಗೆ ಖರ್ಚು ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಯಂತ್ರದ ಬೆಲೆಯಿಂದ ಶುರು ಮಾಡುವುದಿಲ್ಲ. ಅಲೆಯ ಎತ್ತರದಿಂದ ಶುರು ಮಾಡುತ್ತೇನೆ.

ಕಡಲಿನ ಫ್ಯಾನಿಗೆ ಆಳುಗಳನ್ನು ಒಯ್ಯುವ ದೋಣಿಗೆ ನಾವು ಸಿಟಿವಿ ಅನ್ನುತ್ತೇವೆ. ಇಪ್ಪತ್ತು ಇಪ್ಪತ್ತೈದು ಮೀಟರ್ ಉದ್ದ, ಹನ್ನೆರಡು ಟೆಕ್ನಿಷಿಯನ್ನರಿಗೆ ಜಾಗ. ಫ್ಯಾನಿನ ಬುಡದಲ್ಲಿ ಎರಡು ದಪ್ಪ ಉಕ್ಕಿನ ಪೈಪು ನೆಟ್ಟಗೆ ನಿಂತಿರುತ್ತವೆ. ಅವುಗಳ ಹಿಂದೆ ಏಣಿ. ದೋಣಿಯ ಮೂತಿಗೆ ದಪ್ಪ ರಬ್ಬರು. ಕ್ಯಾಪ್ಟನ್ ಆ ರಬ್ಬರನ್ನು ಪೈಪಿಗೆ ಒತ್ತಿ ಹಿಡಿದು, ಎಂಜಿನ್ನಿನಿಂದ ದೂಡುತ್ತಲೇ ಇರುತ್ತಾನೆ. ಕಟ್ಟುವ ಹಗ್ಗ ಗಿಗ್ಗ ಏನೂ ಇಲ್ಲ, ಆ ಒತ್ತುವ ಬಲವೇ ಹಗ್ಗ. ನೀವು ಮೂತಿಯ ಮೇಲೆ ನಿಂತು, ಸೊಂಟದ ಕೊಕ್ಕೆಯನ್ನು ಏಣಿಯ ಮೇಲಿನಿಂದ ಬರುವ ತಂತಿಗೆ ಸಿಕ್ಕಿಸಿ, ಅಪ್ಪಣೆಗೆ ಕಾಯಬೇಕು. ದೋಣಿ ಏರಿ ಇಳಿಯುವುದು ಒಂದು ಗಳಿಗೆ ನಿಂತಾಗ ಒಂದೇ ಒಂದು ಹೆಜ್ಜೆ. ಏಣಿಯ ಕೆಳಗಿನ ಮೆಟ್ಟಿಲುಗಳ ಮೇಲೆ ಹಸಿರು ಪಾಚಿ, ಮೂಗಿಗೆ ಡೀಸೆಲ್ ಹೊಗೆ, ಕಾಲ ಕೆಳಗೆ ಕಪ್ಪು ನೀರು. ಮೊದಲ ದಿನ ನನ್ನ ಹಿಂದಿದ್ದ ಹಿರಿಯ ಟೆಕ್ನಿಷಿಯನ್ ಹೇಳಿದ್ದು ಒಂದೇ ಮಾತು: ನೀರು ನೋಡಬೇಡ, ಮೆಟ್ಟಿಲು ನೋಡು. ಅಲೆ ಸುಮಾರು ಒಂದೂವರೆ ಮೀಟರ್ ದಾಟಿತೋ, ರಬ್ಬರು ಜಾರುತ್ತದೆ. ಜಾರಿದರೆ ದೋಣಿ ಒಮ್ಮೆಲೇ ಆಳುದ್ದ ಕೆಳಗೆ ಹೋಗುತ್ತದೆ. ಅದಕ್ಕೇ ಒಂದೂವರೆ ಮೀಟರ್ ದಾಟಿದ ದಿನ ಕೆಲಸ ಇಲ್ಲ.

ಗ್ರಿಮ್ಸ್‌ಬಿಯಲ್ಲಿದ್ದಾಗ ಒಂದು ಜನವರಿಯಲ್ಲಿ ನಮ್ಮ ಪಾಲಿನ ಫ್ಯಾನೊಂದು ನಿಂತಿತು. ಕಂಬದ ತುದಿಯಲ್ಲಿ ಜನರೇಟರ್ ಇರುವ ಪೆಟ್ಟಿಗೆ ಇದೆಯಲ್ಲ, ನೆಸೆಲ್ ಅನ್ನುತ್ತಾರೆ, ಅದರೊಳಗಿನ ಕೂಲಿಂಗ್ ಪಂಪಿನ ಒಂದು ಸೆನ್ಸರ್ ಕೆಟ್ಟಿತ್ತು. ಹೆಬ್ಬೆರಳಿನಷ್ಟು ಗಾತ್ರ, ನಮ್ಮ ದುಡ್ಡಲ್ಲಿ ಏಳೆಂಟು ಸಾವಿರ ರೂಪಾಯಿ. ಅದನ್ನು ಚೀಲದಲ್ಲಿಟ್ಟುಕೊಂಡು ದಿನಾ ಬೆಳಗ್ಗೆ ಐದಕ್ಕೆ ಬಂದರಿಗೆ ಹೋಗುತ್ತಿದ್ದೆವು. ಅಲೆಯ ಮುನ್ಸೂಚನೆ ನೋಡುತ್ತಿದ್ದೆವು, ಚಹಾ ಕುಡಿದು ವಾಪಸ್ಸಾಗುತ್ತಿದ್ದೆವು. ಹೀಗೆ ಹನ್ನೊಂದು ದಿನ. ಹನ್ನೆರಡನೇ ದಿನ ಹೋದೆವು. ಕೆಲಸ ನಲವತ್ತು ನಿಮಿಷದ್ದು. ಅದೇ ಕೆಲಸ ಗದಗದಲ್ಲಾಗಿದ್ದರೆ ಜೀಪಿನಲ್ಲಿ ಹೋಗಿ, ಮಧ್ಯಾಹ್ನದ ರೊಟ್ಟಿ ಊಟಕ್ಕೆ ಮುಂಚೆ ಚಾಲೂ ಮಾಡಿ ಇಳಿಯುತ್ತಿದ್ದೆ.

ಈಗ ದುಡ್ಡು ಎಣಿಸೋಣ. 10 ಮೆಗಾವ್ಯಾಟಿನ ಒಂದು ಫ್ಯಾನು ಪೂರ್ತಿ ಗಾಳಿಯಲ್ಲಿ ಗಂಟೆಗೆ 10,000 ಯೂನಿಟ್ ಕೊಡುತ್ತದೆ. ಲೆಕ್ಕ ಸುಲಭವಾಗಲಿ ಅಂತ ಸುಮ್ನೆ ಯೂನಿಟ್ಟಿಗೆ 5 ರೂಪಾಯಿ ಹಿಡಿಯಿರಿ. ಗಂಟೆಗೆ 50,000, ದಿನಕ್ಕೆ 12 ಲಕ್ಷ ರೂಪಾಯಿ. ಇದನ್ನು ನಮ್ಮ ಮಳೆಗಾಲಕ್ಕೆ ತನ್ನಿ. ಜೂನ್ 10ಕ್ಕೆ ನಿಂತ ಫ್ಯಾನು ಆಗಸ್ಟ್ ಕೊನೆಗೆ ರಿಪೇರಿಯಾಯಿತು ಅನ್ನೋಣ, 80 ದಿನ. ಗಾಳಿ ಎಲ್ಲ ದಿನ ಒಂದೇ ಸಮ ಇರುವುದಿಲ್ಲವಾದ್ದರಿಂದ ನೂರಕ್ಕೆ ಅರವತ್ತು ಹಿಡಿದರೂ 1 ಕೋಟಿ 15 ಲಕ್ಷ ಯೂನಿಟ್ ಹೋಯಿತು. ಅಂದರೆ ಐದೂಮುಕ್ಕಾಲು ಕೋಟಿ ರೂಪಾಯಿ. ಕಾರಣ, ಎಂಟು ಸಾವಿರದ ಒಂದು ಸೆನ್ಸರ್ ಇರಬಹುದು.

ದೊಡ್ಡ ಹಡಗೂ ಇದೆ. ಅದಕ್ಕೆ ಎಸ್‌ಒವಿ ಅನ್ನುತ್ತಾರೆ. ಐವತ್ತು ಅರವತ್ತು ಜನ ಅದರಲ್ಲೇ ಎರಡು ವಾರ ಉಳಿದು ಕೆಲಸ ಮಾಡುತ್ತಾರೆ. ಹಡಗು ಎಷ್ಟೇ ಓಲಾಡಿದರೂ ಅಲುಗಾಡದೆ ನಿಲ್ಲುವ ಸೇತುವೆಯಂಥ ಕೈ ಚಾಚಿ, ನಡೆದುಕೊಂಡೇ ಫ್ಯಾನಿಗೆ ದಾಟಿಸುತ್ತದೆ. ಅದು ಎರಡೂವರೆ, ಕೆಲವು ಮೂರು ಮೀಟರ್ ಅಲೆಯವರೆಗೂ ತಡೆಯುತ್ತವೆ. ಆದರೆ ನಮ್ಮ ಕಡೆ ಜುಲೈಯಲ್ಲಿ ಎರಡೂವರೆ ಮೂರು ಮೀಟರ್ ಅಲೆ ಅನ್ನುವುದು ಮಾಮೂಲು. ಅಂದರೆ ಅತಿ ದುಬಾರಿ ಹಡಗು ತಂದರೂ ಅದು ತನ್ನ ಮಿತಿಯ ಅಂಚಿನಲ್ಲೇ ಕೆಲಸ ಮಾಡಬೇಕು. ಉತ್ತರ ಸಮುದ್ರದಲ್ಲೂ ಚಳಿಗಾಲ ಕೆಟ್ಟದ್ದೇ, ಆದರೆ ಅಲ್ಲಿ ಎರಡು ತೂಫಾನುಗಳ ನಡುವೆ ಒಂದೆರಡು ಶಾಂತ ದಿನ ಸಿಗುತ್ತವೆ. ನಮ್ಮ ಮುಂಗಾರು ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಈ ಒಂದು ವ್ಯತ್ಯಾಸವನ್ನು ನಮ್ಮಲ್ಲಿ ಯೋಜನೆ ಬರೆಯುವವರು ಸಾಕಷ್ಟು ಗಂಭೀರವಾಗಿ ತಗೊಂಡಿಲ್ಲ ಅನ್ನುವುದು ನನ್ನ ದೊಡ್ಡ ಚಿಂತೆ.

ಇನ್ನು ಕಟ್ಟುವ ಖರ್ಚು. ನಿಮ್ಮ ಹೋಟೆಲನ್ನೇ ತಗೊಳ್ಳಿ. ಅಕ್ಕಿ, ಉದ್ದು, ಗ್ಯಾಸು, ಎಣ್ಣೆ ಎಲ್ಲ ದಿನದ ಖರ್ಚು. ವ್ಯಾಪಾರ ಕಮ್ಮಿ ಅನ್ನಿಸಿದ ದಿನ ಹಿಟ್ಟು ಕಮ್ಮಿ ರುಬ್ಬಿಸುತ್ತೀರಿ. ಕಲ್ಲಿದ್ದಲಿನ ಸ್ಥಾವರವೂ ಹಾಗೆಯೇ, ಉರಿಸಿದಷ್ಟಕ್ಕೆ ದುಡ್ಡು. ಕಡಲಿನ ಫ್ಯಾನು ಹೇಗೆಂದರೆ, ಅಕ್ಕಿ ಉದ್ದು ಜೀವನಪೂರ್ತಿ ಪುಕ್ಕಟೆ, ಆದರೆ ಪಗಡಿ (ಜಾಗಕ್ಕೆ ಮೊದಲೇ ಕೊಡುವ ಇಡಿಗಂಟು), ಇಪ್ಪತ್ತೈದು ವರ್ಷದ ಬಾಡಿಗೆ, ಪಾತ್ರೆ ಪಡಗ ಎಲ್ಲವನ್ನೂ ಮೊದಲ ದೋಸೆ ಹುಯ್ಯುವ ಮೊದಲೇ ಸಾಲ ತಂದು ಕಟ್ಟಿಬಿಡಬೇಕು. ಆಮೇಲೆ ನಿಮ್ಮ ಲಾಭ ನಷ್ಟ ನಿಂತಿರುವುದು ಎರಡರ ಮೇಲೆ: ಬಡ್ಡಿ ಎಷ್ಟು, ಮತ್ತು ಬಾಗಿಲು ಎಷ್ಟು ದಿನ ತೆರೆದಿರುತ್ತದೆ.

ಬಡ್ಡಿಯ ಪೆಟ್ಟು ಎಂಥದ್ದು ಅನ್ನುವುದು 2023ರಲ್ಲಿ ಎಲ್ಲರಿಗೂ ಗೊತ್ತಾಯಿತು. ಬ್ರಿಟನ್ ಕಡಲಿನ ಪವನ ವಿದ್ಯುತ್ತಿನಲ್ಲಿ ಜಗತ್ತಿನ ಮುಂಚೂಣಿಯ ದೇಶಗಳಲ್ಲಿ ಒಂದು. ಅಲ್ಲಿ ಆ ವರ್ಷದ ಹರಾಜಿನಲ್ಲಿ ಕಡಲಿನ ಯೋಜನೆಗೆ ಒಬ್ಬರೂ ಬಿಡ್ ಹಾಕಲಿಲ್ಲ. ಬಡ್ಡಿ ಏರಿತ್ತು, ಉಕ್ಕು ಏರಿತ್ತು, ಸರ್ಕಾರ ಇಟ್ಟ ದರ ಹಳೆಯದಾಗಿತ್ತು. ಅದೇ ವರ್ಷ ಸ್ವೀಡನ್ನಿನ ವಾಟೆನ್‌ಫಾಲ್ ಕಂಪನಿ ಖರ್ಚು ನೂರಕ್ಕೆ 40ರಷ್ಟು ಏರಿತೆಂದು ಬ್ರಿಟನ್ನಿನ ನಾರ್‌ಫೋಕ್ ಬೋರಿಯಸ್ ಯೋಜನೆಯನ್ನು ನಿಲ್ಲಿಸಿತು. ಡೆನ್ಮಾರ್ಕಿನ ಓರ್‌ಸ್ಟೆಡ್ ಅಮೆರಿಕದ ನ್ಯೂಜೆರ್ಸಿಯ ಎರಡು ಯೋಜನೆಗಳನ್ನು ಕೈಬಿಟ್ಟಿತು. ಬ್ರಿಟನ್ ದರದ ಮಿತಿ ಏರಿಸಿದ ಮೇಲೆ 2024ರಲ್ಲಿ ಕಂಪನಿಗಳು ಮರಳಿ ಬಂದವು. ಗಾಳಿ ಅದೇ, ಯಂತ್ರ ಅದೇ. ಬದಲಾದದ್ದು ಸಾಲದ ಲೆಕ್ಕ.

ಗುಡ್ಡದ ಮೇಲೆ ಹಾಕುವಾಗ ಒಟ್ಟು ಖರ್ಚಿನ ಬಹುಪಾಲು ಯಂತ್ರದ್ದೇ. ಕಡಲಲ್ಲಿ ಯಂತ್ರದ ಪಾಲು ಹೆಚ್ಚುಕಡಿಮೆ ಮೂರನೇ ಒಂದು. ಉಳಿದದ್ದು ನೆಲಕ್ಕೆ ಬಡಿಯುವ ಸಾವಿರ ಟನ್ ದಾಟುವ ಉಕ್ಕಿನ ಕೊಳವೆ, ನೀರಡಿಯ ಕೇಬಲ್, ಕಡಲ ನಡುವಿನ ಸಬ್‌ಸ್ಟೇಷನ್, ಮತ್ತು ಇದನ್ನೆಲ್ಲ ಎತ್ತಿಡುವ ಹಡಗುಗಳ ಬಾಡಿಗೆ. ಅದರ ಮೇಲೆ ಬದುಕಿರುವಷ್ಟು ಕಾಲದ ನಿರ್ವಹಣೆ. ಕಡಲಿನ ಒಂದು ಯೂನಿಟ್ಟಿಗೆ ಬೀಳುವ ಖರ್ಚಿನಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಅದರದ್ದೇ.

ಈ ನಿರ್ವಹಣೆಯನ್ನು ಹಗುರವಾಗಿ ತಗೊಂಡರೆ ಏನಾಗುತ್ತದೆ ಅನ್ನುವುದಕ್ಕೆ ನಾನು ಹೊಸ ಹುಡುಗರಿಗೆ ಯಾವಾಗಲೂ ಡೆನ್ಮಾರ್ಕಿನ ಹಾರ್ನ್ಸ್ ರೆವ್ ಕಥೆ ಹೇಳುತ್ತೇನೆ. ಜಗತ್ತಿನ ಮೊದಲ ಕಡಲ ಪವನ ಕ್ಷೇತ್ರವೂ ಆ ದೇಶದ್ದೇ, 1991ರ ವಿಂಡೆಬಿ. ಅಲ್ಲಿ ಬರೀ 11 ಸಣ್ಣ ಫ್ಯಾನುಗಳು, ದಡದ ಹತ್ತಿರ. ಅವು 2017ರವರೆಗೆ ಬದುಕಿದವು. ಆ ಧೈರ್ಯದ ಮೇಲೆ 2002ರಲ್ಲಿ ಹಾರ್ನ್ಸ್ ರೆವ್‌ನಲ್ಲಿ 2 ಮೆಗಾವ್ಯಾಟಿನ 80 ಫ್ಯಾನು ನಿಲ್ಲಿಸಿದರು. ಎರಡೇ ವರ್ಷ. ಟ್ರಾನ್ಸ್‌ಫಾರ್ಮರ್‌ಗಳು, ಜನರೇಟರ್‌ಗಳು ಒಂದರ ಹಿಂದೆ ಒಂದು ಕೈಕೊಟ್ಟವು. 2004ರಲ್ಲಿ 80ಕ್ಕೆ 80 ನೆಸೆಲ್‌ಗಳನ್ನೂ ಕೆಳಗಿಳಿಸಿ, ದಡಕ್ಕೆ ತಂದು, ರಿಪೇರಿ ಮಾಡಿ, ಮತ್ತೆ ಮೇಲೇರಿಸಬೇಕಾಯಿತು. ನೆಲದ ಮೇಲೆ ಚೆನ್ನಾಗಿ ನಡೆದ ಯಂತ್ರ ಉಪ್ಪು ಗಾಳಿಯಲ್ಲಿ, ದೂರದ ಅಲೆಗಳ ನಡುವೆ ಹಾಗೇ ನಡೆಯುತ್ತದೆ ಎಂದು ನಂಬಿದ್ದೇ ತಪ್ಪು. ಇವತ್ತು ಕಡಲಿನ ನೆಸೆಲ್ ಒಳಗೆ ಗಾಳಿಯನ್ನು ಒಣಗಿಸಿ, ಒತ್ತಡ ಸ್ವಲ್ಪ ಜಾಸ್ತಿ ಇಟ್ಟು, ಉಪ್ಪು ಒಳಗೆ ನುಗ್ಗದ ಹಾಗೆ ನೋಡಿಕೊಳ್ಳುತ್ತಾರೆ. ಅಂಥ ಪಾಠಗಳಿಗೆ ಯಾರೋ ಶುಲ್ಕ ಕಟ್ಟಿದ್ದಾರೆ.

ಫ್ಯಾನುಗಳು ಯಾಕೆ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿವೆ ಎಂದು ಕೇಳುತ್ತಾರೆ. ಅದೂ ದೋಣಿಯ ಲೆಕ್ಕವೇ. 2 ಮೆಗಾವ್ಯಾಟಿನ ಫ್ಯಾನಿಗೂ 15 ಮೆಗಾವ್ಯಾಟಿನ ಫ್ಯಾನಿಗೂ ವರ್ಷಕ್ಕೆ ಹೋಗಬೇಕಾದ ಸರದಿ ಹೆಚ್ಚುಕಡಿಮೆ ಒಂದೇ. 1,000 ಮೆಗಾವ್ಯಾಟಿಗೆ ಮೊದಲನೆಯದಾದರೆ 500 ಕಂಬ ಹತ್ತಬೇಕು, ಎರಡನೆಯದಾದರೆ 67. ಏಣಿ ಹತ್ತುವವನಿಗೆ ಇದು ಬೇಗ ಅರ್ಥವಾಗುತ್ತದೆ!

ಆದರೆ ದೊಡ್ಡ ಯಂತ್ರದಲ್ಲಿ ದೊಡ್ಡ ಭಾಗ ಕೆಟ್ಟರೆ ದೊಡ್ಡ ಪೆಟ್ಟು. ಬ್ಲೇಡು, ಜನರೇಟರು, ಗೇರ್‌ಬಾಕ್ಸು ಬದಲಿಸಲು ಜ್ಯಾಕ್‌ಅಪ್ ಹಡಗು ಬೇಕು. ಅದು ತನ್ನ ಕಾಲುಗಳನ್ನು ಕಡಲ ನೆಲಕ್ಕೆ ಊರಿ, ಮೈಯನ್ನು ನೀರಿನಿಂದ ಮೇಲೆತ್ತಿಕೊಂಡು ಸ್ಥಿರವಾಗಿ ನಿಲ್ಲುತ್ತದೆ. ದೊಡ್ಡ ಹಡಗಿಗೆ ದಿನದ ಬಾಡಿಗೆ ಒಂದು ಕೋಟಿ ರೂಪಾಯಿ ದಾಟುವುದು ವಿಶೇಷವೇನಲ್ಲ. ಕೆಲಸ ಎರಡು ದಿನದ್ದಾದರೂ ಹಡಗು ಬಂದು ಹೋಗುವ, ಅಲೆ ಇಳಿಯಲು ಕಾಯುವ ದಿನಗಳಿಗೂ ಬಾಡಿಗೆ ಓಡುತ್ತಿರುತ್ತದೆ. ಅದಕ್ಕೇ ನಮ್ಮ ಪುಣೆಯ ಕೋಣೆಯಲ್ಲಿ ನಾವು ಮಾಡುವ ಕೆಲಸಕ್ಕೆ ಬೆಲೆ. ಬೇರಿಂಗಿನ ಕಂಪನ ಸ್ವಲ್ಪ ಬದಲಾಯಿತು, ಎಣ್ಣೆಯಲ್ಲಿ ಲೋಹದ ಕಣ ಜಾಸ್ತಿಯಾಯಿತು ಅನ್ನುವುದು ತಿಂಗಳುಗಟ್ಟಲೆ ಮುಂಚೆಯೇ ಪರದೆಯ ಮೇಲೆ ಕಾಣುತ್ತದೆ. ಆಗ ಆ ಫ್ಯಾನಿನ ಜೋರು ತಗ್ಗಿಸಿ, ಮುಕ್ಕಾಲು ಶಕ್ತಿಯಲ್ಲಿ ಓಡಿಸುತ್ತಾ, ಅಂಥದೇ ಇನ್ನೆರಡು ಮೂರು ಕೆಲಸ ಕೂಡುವವರೆಗೆ ಕಾಯುತ್ತೇವೆ. ಹಡಗು ಒಮ್ಮೆ ಬಂದರೆ ಎಲ್ಲ ಮುಗಿಯಬೇಕು.

ನಮ್ಮ ಕಡಲಿಗೆ ಇದು ಇನ್ನೂ ಮುಖ್ಯ. ನಿಮ್ಮ ಅಮ್ಮ ಮಳೆಗಾಲಕ್ಕೆ ಮುಂಚೆ ಸೌದೆ, ಹಪ್ಪಳ, ಸಂಡಿಗೆ, ಒಣಮೀನು ಎಲ್ಲ ಅಟ್ಟಕ್ಕೆ ಏರಿಸುತ್ತಿದ್ದರಲ್ಲ, ಹಾಗೆ ನಮ್ಮ ನಿರ್ವಹಣೆಗೂ ಒಂದು ಏಪ್ರಿಲ್ ಪಟ್ಟಿ ಬೇಕು. ಈ ಬೇರಿಂಗು ಅಕ್ಟೋಬರ್‌ವರೆಗೆ ಬರುತ್ತದೋ ಇಲ್ಲವೋ? ಅನುಮಾನ ಇದ್ದರೆ ಈಗಲೇ ಬದಲಿಸು. ಒಂದು ಸೆನ್ಸರ್ ಕೆಟ್ಟರೆ ಇನ್ನೊಂದು ತಾನೇ ಕೆಲಸ ಹಿಡಿಯುವಂತೆ ಜೋಡಿ ಇಡು. ಅದೃಷ್ಟಕ್ಕೆ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ನಮ್ಮ ಕಡಲು ಕೊಳದ ಹಾಗೆ ಇರುತ್ತದೆ, ಗಾಳಿಯೂ ಕಮ್ಮಿ. ಆಗ ಫ್ಯಾನು ನಿಲ್ಲಿಸಿದರೆ ನಷ್ಟವೂ ಕಮ್ಮಿ. ಇಷ್ಟು ದೀರ್ಘವಾದ ಅನುಕೂಲ ಯುರೋಪಿನವರಿಗೆ ಇಲ್ಲ. ಅವರ ನಿರ್ವಹಣಾ ಒಪ್ಪಂದವನ್ನು ಹಾಗೇ ತಂದು ಇಲ್ಲಿ ಅಂಟಿಸಿದರೆ ಆ ಅನುಕೂಲವನ್ನೂ ಕಳೆದುಕೊಳ್ಳುತ್ತೇವೆ.

ಮಳೆಯದು ಇನ್ನೊಂದು ತಕರಾರು. ದೊಡ್ಡ ಬ್ಲೇಡಿನ ತುದಿ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ತಿರುಗುತ್ತದೆ. ಆ ವೇಗದಲ್ಲಿ ಮಳೆಹನಿ ಮೆತ್ತಗಿರುವುದಿಲ್ಲ, ಸಣ್ಣ ಕಲ್ಲಿನಂತೆ ಬಡಿಯುತ್ತದೆ. ಡೆನ್ಮಾರ್ಕಿನ ಅನ್‌ಹೋಲ್ಟ್ ಕಡಲ ಪವನ ಕ್ಷೇತ್ರ 2013ರಲ್ಲಿ ಶುರುವಾದದ್ದು. ಐದೇ ವರ್ಷಕ್ಕೆ ಬ್ಲೇಡುಗಳ ಅಂಚು ಸವೆದು ದೊಡ್ಡ ಪ್ರಮಾಣದ ರಿಪೇರಿಗೆ ಕೈಹಾಕಬೇಕಾಯಿತು. ಸವೆದ ಬ್ಲೇಡನ್ನು ನಾನು ಕೈಯಿಂದ ಮುಟ್ಟಿ ನೋಡಿದ್ದೇನೆ. ನುಣುಪಾಗಿರಬೇಕಾದ ಅಂಚು ಹಳೇ ಬೀಸುವ ಕಲ್ಲಿನ ಹಾಗೆ ಒರಟು. ನಮ್ಮ ಮುಂಗಾರಿನ ಹನಿ ಅಲ್ಲಿನ ತುಂತುರಿಗಿಂತ ದಪ್ಪ ಅನ್ನುವುದನ್ನು ನಾನು ನಿಮಗೆ ಹೇಳಬೇಕಿಲ್ಲ, ಅಲ್ವಾ?

ಮುಂಬಯಿಯಲ್ಲಿ ಯಾಕಿಲ್ಲ ಅನ್ನುವುದಕ್ಕೆ ಬರೋಣ. ಆಳ ಕಾರಣವಲ್ಲ. ಮುಂಬಯಿ ಎದುರಿನ ಕಡಲು ಬಹಳ ದೂರದವರೆಗೆ ಆಳ ಕಮ್ಮಿ. ಆದ್ದರಿಂದಲೇ 160 ಕಿಲೋಮೀಟರ್ ಆಚೆ ಬಾಂಬೆ ಹೈನಲ್ಲಿ ಕಂಬ ನಿಲ್ಲಿಸಿ ಎಣ್ಣೆ ತೆಗೆಯಲು ಆಯಿತು. ಆದರೆ ಆ ಎಣ್ಣೆಯ ಕೊಳವೆಗಳು ಅದೇ ನೆಲದ ಮೇಲೆ ಹಾದಿವೆ. ಎರಡು ದೊಡ್ಡ ಬಂದರುಗಳ ಹಡಗು ದಾರಿ ಅಲ್ಲಿದೆ, ನೌಕಾಪಡೆ ಇದೆ, ಮೀನುಗಾರರ ಬದುಕು ಇದೆ. ಗಾಳಿಯೂ ಸೌರಾಷ್ಟ್ರದ ಕಡಲಷ್ಟು ಚೆನ್ನಾಗಿಲ್ಲ. ಅದಕ್ಕೇ ಚೆನ್ನೈಯಲ್ಲಿರುವ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಗುಜರಾತಿನಲ್ಲಿ ಎಂಟು, ತಮಿಳುನಾಡಿನಲ್ಲಿ ಎಂಟು ವಲಯ ಮೊದಲು ಗುರುತಿಸಿತು. ಗಾಳಿ ಅಳೆಯುವ ಲೈಡಾರ್ ಉಪಕರಣವನ್ನು 2017ರಲ್ಲಿ ಖಂಭಾತ್ ಕೊಲ್ಲಿಯಲ್ಲಿ ನಿಲ್ಲಿಸಿದರು.

ನಮ್ಮ ದೇಶದ ನೀತಿ ಬಂದದ್ದು 2015ರಲ್ಲಿ. 2030ಕ್ಕೆ 30,000 ಮೆಗಾವ್ಯಾಟ್ ಎಂದು 2018ರಲ್ಲಿ ಗುರಿ ಇಟ್ಟರು. ನಾನಿದನ್ನು ಬರೆಯುವ ಹೊತ್ತಿಗೆ ಕಡಲಲ್ಲಿ ಒಂದು ಕ್ಷೇತ್ರವೂ ನಡೆಯುತ್ತಿಲ್ಲ. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿಯ ನೆರವಿಗೆ ಒಪ್ಪಿತು. ಅದರಲ್ಲಿ 6,853 ಕೋಟಿ, ಗುಜರಾತ್ ಮತ್ತು ತಮಿಳುನಾಡಿನಲ್ಲಿ ತಲಾ 500 ಮೆಗಾವ್ಯಾಟಿಗೆ. ಉಳಿದ 600 ಕೋಟಿ ಎರಡು ಬಂದರುಗಳಿಗೆ. ಭಾಗಿಸಿ ನೋಡಿ: ಮೆಗಾವ್ಯಾಟಿಗೆ ಆರೂಮುಕ್ಕಾಲು ಕೋಟಿಗೂ ಜಾಸ್ತಿ ಬರೀ ನೆರವು. ಆ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಗದಗದಲ್ಲಿ ಒಂದು ಮೆಗಾವ್ಯಾಟಿನ ಫ್ಯಾನೇ ನಿಂತುಬಿಡುತ್ತದೆ!

ಹಾಗಾದರೆ ಬೇಡವೇ? ಬೇಕು ಅನ್ನುವವನು ನಾನು. ಬಿಸಿಲಿನ ವಿದ್ಯುತ್ತು ಅಗ್ಗ, ನಿಜ. ಆದರೆ ಅದು ಮಳೆಗಾಲದ ಮೋಡದಲ್ಲಿ ಮಂಕಾಗುತ್ತದೆ, ಸಂಜೆ ಏಳಕ್ಕೆ ಇರುವುದೇ ಇಲ್ಲ. ಕಡಲಿನ ಗಾಳಿ ಸರಿಯಾಗಿ ಆಗಲೇ ಬರುತ್ತದೆ. ಮೊದಲ ಕ್ಷೇತ್ರ ತಮಿಳುನಾಡಿನಲ್ಲಿ ಆಗಲಿ ಅನ್ನುವುದು ನನ್ನ ಅಭಿಪ್ರಾಯ. ಮನ್ನಾರ್ ಕೊಲ್ಲಿಯಲ್ಲಿ ಗಾಳಿ ಗುಜರಾತಿಗಿಂತ ಜೋರು, ಅಲ್ಲಿಗೆ ಹಿಂಗಾರಿನ ಗಾಳಿಯೂ ಸಿಗುತ್ತದೆ. ಖಂಭಾತ್ ಕೊಲ್ಲಿಯಲ್ಲಿ ಭರತ ಇಳಿತ ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲಿ ಸೇರುತ್ತದೆ, ಸೆಳೆತ ಜಾಸ್ತಿ, ನೆಲ ಮೆತ್ತಗೆ. ಜೊತೆಗೆ 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ದಡ ಮುಟ್ಟಿದ್ದು ಆ ಕಡೆಯೇ, ದೀವ್ ಮತ್ತು ಉನಾ ನಡುವೆ. ಅದರ ಹೊಡೆತಕ್ಕೆ ಮುಂಬಯಿ ಎದುರಿನ ಕಡಲಲ್ಲಿ, ಎಣ್ಣೆ ಕೆಲಸದ ಆಳುಗಳು ಉಳಿದುಕೊಂಡಿದ್ದ ಪಿ305 ಬಾರ್ಜ್ ಮುಳುಗಿ ಹತ್ತಾರು ಜನ ತೀರಿಕೊಂಡರು. ಕಡಲಲ್ಲಿ ಆಳುಗಳನ್ನು ಇರಿಸಿ ಕೆಲಸ ಮಾಡಿಸುವ ಯಾವ ಲೆಕ್ಕಪಟ್ಟಿಯೂ ಆ ವಾರವನ್ನು ಮರೆತು ಬರೆಯಬಾರದು. ಮುನ್ಸೂಚನೆ ಬಂದ ಕೂಡಲೇ ಎಲ್ಲರನ್ನೂ ದಡಕ್ಕೆ ಕರೆತರುವ ಖರ್ಚು, ಆ ದಿನಗಳ ನಷ್ಟ, ಮೊದಲೇ ದರದಲ್ಲಿ ಸೇರಿರಬೇಕು.

ಈಗ ನಿಮ್ಮ ಮಗ. ದಾರಿ ಇದೆ, ಆದರೆ ಗುಡ್ಡದಿಂದ ಶುರುವಾಗಲಿ. ಎರಡು ವರ್ಷ ಸಾತಾರದಲ್ಲೋ ಗದಗದಲ್ಲೋ ಚಿತ್ರದುರ್ಗದಲ್ಲೋ ಏಣಿ ಹತ್ತಲಿ. ಮೆಕ್ಯಾನಿಕಲ್ ಓದಿದ್ದರೂ ಎಲೆಕ್ಟ್ರಿಕಲ್ ಕಲಿಯಲೇಬೇಕು. ದಿನನಿತ್ಯ ಫ್ಯಾನು ನಿಲ್ಲುವುದು ಗೇರ್‌ಬಾಕ್ಸಿನಿಂದ ಕಮ್ಮಿ. ಬ್ಲೇಡು ತಿರುಗಿಸುವ ಪಿಚ್ ವ್ಯವಸ್ಥೆ, ಕನ್ವರ್ಟರ್, ಸೆನ್ಸರ್, ಸಡಿಲವಾದ ಒಂದು ವೈರು, ಇವುಗಳಿಂದಲೇ ಜಾಸ್ತಿ. ಆಮೇಲೆ ಜಿಡಬ್ಲ್ಯುಒ, ಅಂದರೆ ಪವನ ಕಂಪನಿಗಳ ಜಾಗತಿಕ ಸಂಸ್ಥೆ ನಿಗದಿ ಮಾಡಿದ ಸುರಕ್ಷತಾ ತರಬೇತಿ: ಪ್ರಥಮ ಚಿಕಿತ್ಸೆ, ಬೆಂಕಿ, ಭಾರ ಎತ್ತುವುದು, ಎತ್ತರದ ಕೆಲಸ, ಮತ್ತು ಕಡಲಿಗೆ ಹೋಗುವವರಿಗೆ ನೀರಿನಲ್ಲಿ ಬದುಕುಳಿಯುವುದು. ಸರ್ಟಿಫಿಕೇಟು ಎರಡು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಯುರೋಪಿನಲ್ಲಿ ಕೆಲಸ ಕೊಡಿಸುತ್ತೇನೆ, ಲಕ್ಷ ಕೊಡಿ ಅನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅನುಭವ ಇದ್ದವನನ್ನು ಕಂಪನಿಗಳೇ ಹುಡುಕಿಕೊಂಡು ಬರುತ್ತವೆ.

ಕೆಲಸಕ್ಕೆ ಸೇರುವ ಮೊದಲು ಎರಡು ಪರೀಕ್ಷೆ ಮನೆಯವರೇ ಮಾಡಿ. ಊರಿಗೆ ಹೋದಾಗ ಮಲ್ಪೆಯಿಂದ ಯಾರದಾದರೂ ಬೋಟಿನಲ್ಲಿ ಒಂದು ಇಡೀ ದಿನ ಕಳಿಸಿ, ಕಡಲ ಓಲಾಟ ಹೊಟ್ಟೆಗೆ ಆಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಇನ್ನೊಂದು ಎತ್ತರ. ಡಿಸೆಂಬರ್‌ನಲ್ಲಿ ಗಾಳಿ ಇಳಿದ ಮೇಲೆ ನಾವು ಚಾಳ್ಕೇವಾಡಿಯಲ್ಲಿ ವರ್ಷದ ಸರ್ವೀಸ್ ಮಾಡುತ್ತೇವೆ. ಅವನನ್ನು ಪುಣೆಗೆ ಕಳಿಸಿ, ಸೈಟಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಅಪ್ಪಣೆ ಪಡೆದು, ಬೆಲ್ಟು ಹೆಲ್ಮೆಟು ಹಾಕಿಸಿ, ಏಣಿಯ ಮೊದಲ ಅಟ್ಟದವರೆಗೆ ಹತ್ತಿಸೋಣ. ಗಟ್ಟಿ ಶೂ ಹಾಕಿಕೊಂಡು ಬರಲಿ, ಬೆಳಗ್ಗೆ ಹೊಟ್ಟೆ ತುಂಬ ತಿಂಡಿ ತಿನ್ನದೆ ಬರಲಿ.